ಪ್ರೌಢಶಾಲೆಯ ಪಾಠವೂ ಅದರ ಉದ್ದೇಶವೂ

ಹತ್ತನೆಯ ತರಗತಿಯಲ್ಲಿ ಓಮ್‌ನ ನಿಯಮವನ್ನು ಕಲಿತ ಬಾಲಕನಿಗೆ, ತಾಪವು ಬದಲಾಗದಿರುವಾಗ ಲೋಹದ ತಂತಿಯೊಂದರ ಎರಡು ತುದಿಗಳ ನಡುವಣ ವಿಭವಾಂತರವು ಕಡಮೆಯಾದಂತೆ ಅದರೊಳಗೆ ಹರಿಯುವ ವಿದ್ಯುತ್ಪ್ರವಾಹವೂ ಅದೇ ಪ್ರಮಾಣದಲ್ಲಿ ಕಡಮೆಯಾಗುತ್ತದೆಂಬುದು ಗೊತ್ತಿರುತ್ತದೆ. ನಿಯಮವನ್ನು ನಿರೂಪಿಸೆಂದರೆ ಅವನು ತಡವರಿಸದೆ ನಿರೂಪಿಸುತ್ತಾನೆ, ಸೂತ್ರವನ್ನು ಬರೆಯುತ್ತಾನೆ, ವಿಭವಾಂತರವನ್ನೂ ರೋಧವನ್ನೂ ಕೊಟ್ಟರೆ ಪ್ರವಾಹವೆಷ್ಟೆಂಬುದನ್ನು ಲೆಕ್ಕಹಾಕಿ ಆಂಪೇರ್ ಎಂಬ ಏಕಮಾನವನ್ನೂ ಮರೆಯದೆ ಸೇರಿಸುತ್ತಾನೆ. ಅದೇ ಬಾಲಕನು ಕೋಲಾರದ ಕಡೆಯ ರೈತನ ಮಗನಾಗಿದ್ದರೆ ಅವನಿಗೆ ಇನ್ನೊಂದು ಸಂಗತಿಯೂ ಚೆನ್ನಾಗಿ ಗೊತ್ತು: ಟ್ರಾನ್ಸ್‌ಫಾರ್ಮರಿನಿಂದ ದೂರದಲ್ಲಿರುವ ಕೊಳವೆಬಾವಿಗೆ ವೋಲ್ಟೇಜು ಸಾಲದೆ ಹೋದಾಗ ಪಂಪ್‌ಸೆಟ್ಟಿನ ಮೋಟಾರು ಬಿಸಿಯೇರಿ ಸುಟ್ಟುಹೋಗುತ್ತದೆ, ತಂದೆಯು ಅದನ್ನು ಮೇಲೆತ್ತಿಸಿ ಪೇಟೆಯ ವೈಂಡಿಂಗ್ ಅಂಗಡಿಗೆ ಸಾಗಿಸಬೇಕಾಗುತ್ತದೆ, ಅದು ರಿಪೇರಿಯಾಗಿ ಬರುವವರೆಗೆ ಟೊಮೆಟೊ ಬೆಳೆಗೆ ನೀರಿಲ್ಲ. ವೋಲ್ಟೇಜು ಇಳಿದರೆ ಪ್ರವಾಹವೂ ಇಳಿಯುವುದಾದರೆ, ಪ್ರವಾಹವು ಇಳಿದಾಗ ಶಾಖವೂ ಇಳಿಯತಕ್ಕದ್ದಾದರೆ, ಮೋಟಾರು ಸುಡುವುದೇಕೆ? ಶಾಲೆಯಲ್ಲಿ ಪಡೆದ ಅರಿವೂ ತೋಟದಲ್ಲಿ ಪಡೆದ ಅರಿವೂ ಒಂದನ್ನೊಂದು ಇಷ್ಟು ಸ್ಪಷ್ಟವಾಗಿ ವಿರೋಧಿಸುತ್ತಿದ್ದರೂ ಅವೆರಡೂ ಒಂದೇ ಬಾಲಕನ ತಲೆಯೊಳಗೆ ಒಂದಕ್ಕೊಂದು ಮುಖಾಮುಖಿಯಾಗದೆ ವರ್ಷಗಟ್ಟಲೆ ಇದ್ದುಬಿಡಬಲ್ಲವು. ನಮ್ಮ ಪ್ರೌಢಶಾಲೆಗಳ ಬೋಧನಾಕ್ರಮದ ಕುರಿತು ಚಿಂತಿಸುವವರು ಮೊದಲು ನೋಡಬೇಕಾದುದು ಇದನ್ನು ಎಂದು ನನಗೆ ತೋರುತ್ತದೆ.

ಆ ಪ್ರಶ್ನೆಗೆ ಉತ್ತರವೇನೋ ಹತ್ತನೆಯ ತರಗತಿಯ ಮಕ್ಕಳ ಬುದ್ಧಿಗೆ ಮೀರಿದುದಲ್ಲ. ಓಮ್‌ನ ನಿಯಮವು ಲೋಹದ ವಾಹಕಕ್ಕೆ, ಅದೂ ತಾಪವು ಸ್ಥಿರವಾಗಿರುವಾಗ ಮಾತ್ರ, ಸಲ್ಲುವಂಥದು. ತಿರುಗುತ್ತಿರುವ ಮೋಟಾರಾದರೋ ನೀರನ್ನು ಮೇಲೆತ್ತುವ ಕಾರ್ಯದಲ್ಲಿ ತೊಡಗಿರುವ ಯಂತ್ರ. ಹೊರೆಯು ಹೆಚ್ಚುಕಡಮೆ ಮೊದಲಿನಷ್ಟೇ ಇದ್ದು ವೋಲ್ಟೇಜು ಮಾತ್ರ ಕುಸಿದಾಗ ಮೋಟಾರಿನ ವೇಗವು ಕುಗ್ಗುತ್ತದೆ. ಹೊತ್ತ ಕೆಲಸವನ್ನು ಸಾಗಿಸುವುದಕ್ಕಾಗಿ ಅದು ಹೆಚ್ಚಿನ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟಾಗುವುದೆಂಬ ಜೂಲ್‌ನ ನಿಯಮವು ಅದೇ ಅಧ್ಯಾಯದಲ್ಲಿ ಕೆಲವು ಪುಟಗಳ ಆಚೆಗೆ ಬರುವುದರಿಂದ, ಸುರುಳಿಯು ಏಕೆ ಬೆಂದುಹೋಯಿತೆಂಬುದನ್ನು ವಿದ್ಯಾರ್ಥಿಯು ತಾನೇ ಊಹಿಸಬಲ್ಲನು. ಹೀಗೆ ವಿಚಾರಿಸಿದ ತರಗತಿಯು ಮೋಟಾರಿನ ವಿಷಯವನ್ನಷ್ಟೇ ಅರಿತಂತಾಗುವುದಿಲ್ಲ; ಪ್ರಕೃತಿಯ ನಿಯಮವೊಂದಕ್ಕೆ ಎಲ್ಲೆಗಳುಂಟೆಂಬುದನ್ನೂ, ಆ ಎಲ್ಲೆಯನ್ನು ಬಲ್ಲವನು ಮಾತ್ರ ನಿಯಮವನ್ನು ಬಲ್ಲವನೆಂಬುದನ್ನೂ ಅದು ತನ್ನ ಅನುಭವದಿಂದಲೇ ಕಂಡುಕೊಳ್ಳುತ್ತದೆ. ಆ ಪಾಠದ ಉದ್ದೇಶವು ಇದಾಗಿರಬೇಕಿತ್ತು. ಆದರೆ ಉಪಾಧ್ಯಾಯರ ಪಾಠಯೋಜನೆಯ ಪುಸ್ತಕದಲ್ಲಿ ಉದ್ದೇಶವೆಂಬ ಶೀರ್ಷಿಕೆಯ ಕೆಳಗೆ ಬರೆದಿರುವುದು ಬೇರೆ. ವರ್ಷದ ಕೊನೆಯಲ್ಲಿ ಪ್ರಶ್ನೆಪತ್ರಿಕೆಯು ಕೇಳುವುದು ಮತ್ತೂ ಬೇರೆ.

ಉದ್ದೇಶವೆಂಬ ಆ ಶೀರ್ಷಿಕೆಗೆ ಒಂದು ಇತಿಹಾಸವಿದೆ. ಸ್ವಾತಂತ್ರ್ಯಾನಂತರ, 1952ರಲ್ಲಿ, ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯಲ್ಲಿ ಮಾಧ್ಯಮಿಕ ಶಿಕ್ಷಣ ಆಯೋಗವು ನಿಯುಕ್ತವಾಯಿತು. ಮರುವರ್ಷ ಅದು ಸಲ್ಲಿಸಿದ ವರದಿಯಲ್ಲಿ ಬೋಧನಾ ವಿಧಾನಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಎಷ್ಟೇ ಉತ್ತಮವಾದ ಪಠ್ಯಕ್ರಮವಾದರೂ ಯೋಗ್ಯವಾದ ವಿಧಾನವೂ ಯೋಗ್ಯನಾದ ಉಪಾಧ್ಯಾಯನೂ ಇಲ್ಲದಿದ್ದರೆ ನಿರ್ಜೀವವಾಗಿ ಉಳಿಯುವುದೆಂಬ ಅಭಿಪ್ರಾಯವನ್ನು ಮುಂದಿಟ್ಟಿತು. ಬಾಹ್ಯ ಪರೀಕ್ಷೆಗಳ ಸಂಖ್ಯೆಯನ್ನು ಕಡಮೆಮಾಡಬೇಕೆಂದೂ, ವಿದ್ಯಾರ್ಥಿಯು ವರ್ಷವಿಡೀ ಮಾಡಿದ ಕೆಲಸದ ದಾಖಲೆಗೆ ಬೆಲೆಯಿರಬೇಕೆಂದೂ ಆಗಲೇ ಅದು ಸೂಚಿಸಿತ್ತು. ಅದಾದ ಕೆಲವು ವರ್ಷಗಳಲ್ಲಿ, 1958ರ ಸುಮಾರಿಗೆ, ಷಿಕಾಗೋ ವಿಶ್ವವಿದ್ಯಾನಿಲಯದ ಬೆಂಜಮಿನ್ ಬ್ಲೂಮ್ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯನ್ನು ಕುರಿತ ಕಾರ್ಯಾಗಾರಗಳನ್ನು ನಡೆಸಿದರು. ಅವರೂ ಅವರ ಸಹೋದ್ಯೋಗಿಗಳೂ 1956ರಲ್ಲಿ ಪ್ರಕಟಿಸಿದ್ದ ಗ್ರಂಥವು ಕಲಿಕೆಯ ಉದ್ದೇಶಗಳನ್ನು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂದು ಆರು ಸೋಪಾನಗಳಾಗಿ ವಿಂಗಡಿಸಿತ್ತು. 1961ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸ್ಥಾಪಿತವಾಗಿ, 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ಆರಂಭವಾದ ಮೇಲೆ ಈ ವಿಚಾರಧಾರೆಯು ದಕ್ಷಿಣದ ಉಪಾಧ್ಯಾಯರ ಶಿಕ್ಷಣದಲ್ಲಿ ಬೇರೂರಿತು. ಬಿ.ಎಡ್. ಓದಿದ ಯಾರೂ ಮರೆಯಲಾರದ, ಅಂಕಣಗಳುಳ್ಳ ಆ ಪಾಠಯೋಜನೆ, ಅಂದರೆ ಬೋಧನಾಂಶ, ನಿರ್ದಿಷ್ಟ ಉದ್ದೇಶ, ಕಲಿಕಾನುಭವ, ಮೌಲ್ಯಮಾಪನ ಎಂದು ಅಡ್ಡಲಾಗಿ ಗೆರೆಹಾಕಿ ತುಂಬುವ ಕಾಗದ, ಈ ಪರಂಪರೆಯ ಶಿಶು.

ಅದರ ಮೂಲದಲ್ಲಿದ್ದ ವಿಚಾರವು ಉದಾತ್ತವಾದುದು. ಅದನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಉಪಾಧ್ಯಾಯನು ತಾನೇನನ್ನು ಹೇಳಬೇಕು ಎಂದು ಯೋಚಿಸುವುದಕ್ಕೆ ಮೊದಲು, ಪಾಠ ಮುಗಿದಾಗ ವಿದ್ಯಾರ್ಥಿಯು ಹಿಂದೆ ಮಾಡಲಾಗದಿದ್ದ ಯಾವುದನ್ನು ಮಾಡಬಲ್ಲವನಾಗಿರಬೇಕು ಎಂದು ಯೋಚಿಸಲಿ. ಕಲಿಸುವ ವಿಧಾನವೂ ಪರೀಕ್ಷಿಸುವ ವಿಧಾನವೂ ಆ ಒಂದು ಚಿಂತನೆಯಿಂದಲೇ ಹುಟ್ಟಿಬರಲಿ. ಇದಕ್ಕಿಂತ ಸಮಂಜಸವಾದ ಆಶಯವು ಶಿಕ್ಷಣದಲ್ಲಿ ಇನ್ನೊಂದಿಲ್ಲ. ಆದರೆ ಯೋಚನೆಯ ಫಲವಾಗಿ ಮೂಡಬೇಕಾಗಿದ್ದ ಬರವಣಿಗೆಯು ಕಾಲಕ್ರಮದಲ್ಲಿ ಯೋಚನೆಯ ಸ್ಥಾನವನ್ನೇ ಆಕ್ರಮಿಸಿತು. ಸ್ಮರಿಸಿಕೊಳ್ಳುತ್ತಾನೆ, ಗುರುತಿಸುತ್ತಾನೆ, ಹೋಲಿಸುತ್ತಾನೆ, ಅನ್ವಯಿಸುತ್ತಾನೆ ಎಂಬ ನಾಲ್ಕು ಕ್ರಿಯಾಪದಗಳು ಪಾಠದಿಂದ ಪಾಠಕ್ಕೆ, ವರ್ಷದಿಂದ ವರ್ಷಕ್ಕೆ, ಬ್ಯಾಚಿನಿಂದ ಬ್ಯಾಚಿಗೆ ಪ್ರತಿಯಾಗುತ್ತ ಬಂದುವು. ತರುವಾಯ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದು, ಜ್ಞಾನವನ್ನು ಮಗುವು ತಾನೇ ಕಟ್ಟಿಕೊಳ್ಳುತ್ತದೆಂದು ಸಾರಿತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವು ಬಂದು, 2014-15ರಿಂದ ಎಸ್.ಎಸ್.ಎಲ್.ಸಿ.ಯ ವಿಷಯಗಳಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೂ 20 ಅಂಕಗಳು ಶಾಲೆಯೊಳಗಿನ ಮೌಲ್ಯಮಾಪನಕ್ಕೂ ಸಂದುವು. ಪಾಠಯೋಜನೆಯು ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನವೆಂಬ ಐದು ಹಂತಗಳ ರೂಪವನ್ನು ತಳೆಯಿತು. ಅನಂತರ ಕಲಿಕಾಫಲವೆಂಬ ಪದವು ಮುನ್ನೆಲೆಗೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಮರ್ಥ್ಯಾಧಾರಿತ ಕಲಿಕೆಯ ಮಾತನ್ನಾಡಿತು. ಪ್ರತಿಯೊಂದು ಬದಲಾವಣೆಯ ಹಿಂದೆಯೂ ಪ್ರಾಮಾಣಿಕವಾದ ಕಳಕಳಿಯಿತ್ತು. ಪ್ರತಿಯೊಂದೂ ಉಪಾಧ್ಯಾಯನ ಮೇಜಿಗೆ ಬರುವ ಹೊತ್ತಿಗೆ ಭರ್ತಿಮಾಡಬೇಕಾದ ಇನ್ನೊಂದು ನಮೂನೆಯಾಗಿ ಪರಿಣಮಿಸಿತು.

ಇದಕ್ಕೆ ಉಪಾಧ್ಯಾಯರ ಆಲಸ್ಯವನ್ನು ಕಾರಣವಾಗಿ ಹೇಳುವವರುಂಟು. ನಾನು ಅದನ್ನು ಒಪ್ಪುವುದಿಲ್ಲ. ಬುದ್ಧಿವಂತನಾದ ಯಾವ ಉಪಾಧ್ಯಾಯನೂ ತನ್ನ ಪಾಠದ ನಿಜವಾದ ಉದ್ದೇಶವನ್ನು ತಿಳಿಯಲು ಪಾಠಯೋಜನೆಯ ಅಂಕಣವನ್ನು ನೋಡುವುದಿಲ್ಲ. ಅವನು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ನೋಡುತ್ತಾನೆ, ಏಕೆಂದರೆ ತನ್ನ ವಿದ್ಯಾರ್ಥಿಯ ಭವಿಷ್ಯವನ್ನೂ ತನ್ನ ಶಾಲೆಯ ಫಲಿತಾಂಶವನ್ನೂ ನಿರ್ಣಯಿಸುವುದು ಅದೇ ಎಂಬುದನ್ನು ಅವನು ಬಲ್ಲನು. ಪ್ರಶ್ನೆಪತ್ರಿಕೆಗೂ ಒಂದು ನೀಲನಕ್ಷೆಯುಂಟು; ಅದರಲ್ಲಿ ಸ್ಮರಣೆಗೆ ಇಷ್ಟು, ತಿಳಿವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು, ಕೌಶಲಕ್ಕೆ ಇಷ್ಟು ಎಂದು ಅಂಕಗಳನ್ನು ಹಂಚಿರುತ್ತಾರೆ. ಕಾಗದದ ಮೇಲೆ ಅದು ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ಒಂದು ಪ್ರಶ್ನೆಯು ಸ್ಮರಣೆಯದೋ ಅನ್ವಯದ್ದೋ ಎಂಬುದು ಆ ಪ್ರಶ್ನೆಯನ್ನಷ್ಟೇ ನೋಡಿ ನಿರ್ಧರಿಸಬಹುದಾದ ಗುಣವಲ್ಲ. ಅದನ್ನು ಎದುರಿಸುವ ವಿದ್ಯಾರ್ಥಿಯು ಅದಕ್ಕೆ ಮೊದಲು ಏನನ್ನು ಮಾಡಿದ್ದನೆಂಬುದನ್ನು ಅದು ಅವಲಂಬಿಸಿದೆ. ರೋಧಕಗಳ ಸಮಾಂತರ ಜೋಡಣೆಯ ಸಮಸ್ಯೆಯೊಂದನ್ನು ಮೊದಲ ಬಾರಿ ಕಾಣುವವನಿಗೆ ಅದು ಅನ್ವಯ. ಅದೇ ಸಮಸ್ಯೆಯನ್ನು, ಸಂಖ್ಯೆಗಳನ್ನು ಮಾತ್ರ ಬದಲಿಸಿ, ವಿಶೇಷ ತರಗತಿಯಲ್ಲಿ ಮತ್ತೆ ಮತ್ತೆ ಮಾಡಿದವನಿಗೆ ಅದು ಕೈಗೆ ಹತ್ತಿದ ರೂಢಿ. ಗೈಡಿನಲ್ಲಿ ಬಿಡಿಸಿದ ಉತ್ತರವನ್ನೇ ಬಾಯಿಪಾಠ ಮಾಡಿದವನಿಗೆ ಅದು ಶುದ್ಧ ಸ್ಮರಣೆ. ಹೀಗೆ ಬೌದ್ಧಿಕ ಸೋಪಾನದ ಮೇಲಣ ಮೆಟ್ಟಿಲುಗಳೆಲ್ಲವೂ, ಪ್ರಶ್ನೆಗಳ ಮಾದರಿಯು ನಿಶ್ಚಿತವಾದೊಡನೆಯೆ, ಮೊದಲನೆಯ ಮೆಟ್ಟಿಲಿಗೆ ಕುಸಿದುಬೀಳುತ್ತವೆ.

ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ಶಾಲೆಗಳಲ್ಲಿ ಹರಡಿಕೊಂಡಿರುವ ಕಿರುಹೊತ್ತಗೆಗಳು ಹುಟ್ಟಿದ್ದು ಈ ನಿಶ್ಚಿತತೆಯಿಂದಲೇ. ಯಾವ ಚಿತ್ರವನ್ನು ಬಿಡಿಸಲು ಕಲಿತರೆ, ಯಾವ ಪ್ರಮೇಯವನ್ನು ಕಂಠಸ್ಥ ಮಾಡಿದರೆ, ನಕ್ಷೆಯಲ್ಲಿ ಯಾವ ಸ್ಥಳಗಳನ್ನು ಗುರುತಿಸಿದರೆ ಉತ್ತೀರ್ಣತೆಗೆ ಬೇಕಾದಷ್ಟು ಅಂಕಗಳು ದೊರೆಯುತ್ತವೆಂಬುದನ್ನು ಅನುಭವಿಗಳಾದ ಉಪಾಧ್ಯಾಯರು ಅವುಗಳಲ್ಲಿ ಸಂಗ್ರಹಿಸಿರುತ್ತಾರೆ. ಅವರನ್ನು ದೂಷಿಸಲು ನನಗೆ ಮನಸ್ಸು ಬಾರದು. ಕಲ್ಯಾಣ ಕರ್ನಾಟಕದ ಯಾವುದೋ ಹಳ್ಳಿಯಲ್ಲಿ ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣಳಾದ ಹುಡುಗಿಗೆ ಮುಂದಿನ ವರ್ಷ ಕಾದಿರುವುದು ಮತ್ತೊಂದು ಪರೀಕ್ಷೆಯಲ್ಲ, ಮದುವೆ ಎಂಬುದನ್ನು ಪ್ರತ್ಯಕ್ಷವಾಗಿ ಕಂಡ ಉಪಾಧ್ಯಾಯಿನಿಯು ಹೇಗಾದರೂ ಮಾಡಿ ಆಕೆಯನ್ನು ದಡಮುಟ್ಟಿಸಲು ಹೆಣಗುವುದು ಕರುಣೆಯ ಕಾರ್ಯ. ಆದರೆ ಇಂತಹ ಉತ್ತೀರ್ಣತೆಯನ್ನು ಕಲಿಕೆಯೆಂದು ನಾವು ಎಣಿಸತೊಡಗಿದಾಗ ನಮಗೆ ನಾವೇ ಸುಳ್ಳು ಹೇಳಿಕೊಂಡಂತಾಗುತ್ತದೆ. 2023ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶವು ಶೇ. 83.89 ಇದ್ದುದು, ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲನ್ನು ಅಳವಡಿಸಿದ 2024ರಲ್ಲಿ, ಕೃಪಾಂಕದ ಪ್ರಮಾಣವನ್ನು ಏರಿಸಿಯೂ ಶೇ. 73.40ಕ್ಕೆ ಇಳಿಯಿತು. ಆ ಒಂದು ವರ್ಷದಲ್ಲಿ ಮಕ್ಕಳ ಬುದ್ಧಿಯಾಗಲಿ ಉಪಾಧ್ಯಾಯರ ಶ್ರದ್ಧೆಯಾಗಲಿ ಅಷ್ಟು ಕುಗ್ಗಿರಲಾರದು. ಹಿಂದಿನ ಅಂಕಿಗಳು ಏನನ್ನು ಅಳೆಯುತ್ತಿದ್ದುವು ಎಂಬ ಪ್ರಶ್ನೆಯನ್ನು ಆ ಫಲಿತಾಂಶವು ನಾಡಿನ ಮುಂದೆ ಇಟ್ಟಿತು. ಅದರ ಕುರಿತು ನಡೆದ ಚರ್ಚೆಯಾದರೋ ಜಿಲ್ಲೆಗಳ ಸ್ಥಾನಗಳಲ್ಲೇ ಹೆಚ್ಚಾಗಿ ಮುಳುಗಿಹೋಯಿತು.

ಹಾಗಾದರೆ ತರಗತಿಯೊಳಗೆ ಉದ್ದೇಶವು ಜೀವಂತವಾಗಿರುವುದು ಹೇಗೆ? ಮತ್ತೆ ವಿದ್ಯುತ್ತಿನ ಪಾಠಕ್ಕೇ ಬರುತ್ತೇನೆ, ಏಕೆಂದರೆ ಮಕ್ಕಳ ಮನಸ್ಸು ಪಾಠವನ್ನು ಎದುರಿಸುವ ರೀತಿಯನ್ನು ಇಷ್ಟು ವಿಶದವಾಗಿ ತೋರಿಸುವ ಪಾಠಗಳು ಕಡಮೆ. ಒಂದೇ ಬಗೆಯ ಎರಡು ಪುಟ್ಟ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ಚನ್ನು ಒತ್ತುವುದಕ್ಕೆ ಮುನ್ನ, ಯಾವುದು ಹೆಚ್ಚು ಪ್ರಕಾಶಿಸೀತು ಎಂದು ಕೇಳಿನೋಡಿ. ಕೋಶದ ಧನಾಗ್ರಕ್ಕೆ ಹತ್ತಿರವಿರುವ ಬಲ್ಬು ಎಂದು ಹಲವರು ಉತ್ತರಿಸುತ್ತಾರೆ. ಮೊದಲನೆಯ ಬಲ್ಬು ಕರೆಂಟನ್ನು ಒಂದಿಷ್ಟು ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂಬುದು ಅವರ ತರ್ಕ. ಈ ಭಾವನೆಯು ನಮ್ಮ ಮಕ್ಕಳದು ಮಾತ್ರವಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ರೊಸಾಲಿಂಡ್ ಡ್ರೈವರ್ ಮೊದಲಾದವರು 1980ರ ದಶಕದಲ್ಲಿ ಮಕ್ಕಳ ವೈಜ್ಞಾನಿಕ ಕಲ್ಪನೆಗಳನ್ನು ಕುರಿತು ನಡೆಸಿದ ಅಧ್ಯಯನಗಳೂ, ಅವುಗಳ ಜತೆಗೆ ಇತರ ದೇಶಗಳಲ್ಲಿ ನಡೆದ ಅಧ್ಯಯನಗಳೂ, ವಿದ್ಯಾರ್ಥಿಗಳು ತರಗತಿಗೆ ಬರಿದಾದ ಮನಸ್ಸಿನಿಂದ ಬರುವುದಿಲ್ಲವೆಂಬುದನ್ನೂ, ಅನುಭವದಿಂದ ತಾವೇ ಕಟ್ಟಿಕೊಂಡ ಗಟ್ಟಿಯಾದ ಕಲ್ಪನೆಗಳೊಡನೆ ಬರುತ್ತಾರೆಂಬುದನ್ನೂ, ಸರಿಯಾದ ಉತ್ತರವನ್ನು ಪರೀಕ್ಷೆಯಲ್ಲಿ ಬರೆದ ಮೇಲೂ ಆ ಹಳೆಯ ಕಲ್ಪನೆಗಳು ಅಳಿಯದೆ ಉಳಿಯುತ್ತವೆಂಬುದನ್ನೂ ತೋರಿಸಿಕೊಟ್ಟಿವೆ. ಪ್ರವಾಹವು ಸರಣಿ ಮಂಡಲದಲ್ಲಿ ಎಲ್ಲೆಡೆಯೂ ಸಮಾನವಾಗಿರುತ್ತದೆಂಬ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದರೆ ಆ ಕಲ್ಪನೆಯು ಕದಲುವುದಿಲ್ಲ. ಸ್ವಿಚ್ಚನ್ನು ಒತ್ತಿ, ಎರಡೂ ಬಲ್ಬುಗಳು ಒಂದೇ ಸಮನಾಗಿ, ಆದರೆ ಒಂಟಿಯಾಗಿದ್ದಾಗಿಗಿಂತ ಮಂದವಾಗಿ ಬೆಳಗುವುದನ್ನು ಕಂಡು, ಬಲ್ಬಿನ ಈಚೆಗೊಂದು ಆಚೆಗೊಂದು ಅಮ್ಮೀಟರನ್ನಿಟ್ಟು ಎರಡರ ಮುಳ್ಳೂ ಒಂದೇ ಅಂಕೆಯಲ್ಲಿ ನಿಂತುದನ್ನು ನೋಡಿ, ಹಾಗಾದರೆ ಕೋಶದಲ್ಲಿ ಖರ್ಚಾಗುತ್ತಿರುವುದೇನು ಎಂದು ಮಕ್ಕಳೇ ಕೇಳಿದಾಗ ಮಾತ್ರ ಪ್ರವಾಹಕ್ಕೂ ಶಕ್ತಿಗೂ ಇರುವ ಭೇದವು ಅವರಿಗೆ ಬೇಕೆನಿಸಿದ ವಿಚಾರವಾಗುತ್ತದೆ. ಮೊದಲು ಊಹೆ, ಆಮೇಲೆ ದರ್ಶನ, ಆಮೇಲೆ ವಾದ, ಕಟ್ಟಕಡೆಗೆ ಪರಿಭಾಷೆ: ಈ ಅನುಕ್ರಮವು ತಲೆಕೆಳಗಾದಲ್ಲೆಲ್ಲ ಪರಿಭಾಷೆಯೊಂದೇ ಕೈಯಲ್ಲುಳಿಯುತ್ತದೆ. ಇದಕ್ಕೆ ಬೇಕಾಗುವ ಸಾಮಗ್ರಿಯು ಬ್ಯಾಟರಿ ಸೆಲ್ಲು, ತಂತಿ, ಟಾರ್ಚಿನ ಬಲ್ಬುಗಳಷ್ಟೇ. ಪ್ರಯೋಗಾಲಯದ ಅಭಾವವನ್ನು ಇಲ್ಲಿ ಕಾರಣವಾಗಿ ಹೇಳುವಂತಿಲ್ಲ.

ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯನು ಎಷ್ಟು ಹೊತ್ತು ಮೌನವಾಗಿರುತ್ತಾನೆ ಎಂಬುದೂ ಬೋಧನಾಕ್ರಮದ ಒಂದು ಅಂಗ. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿಯು ತರಗತಿಗಳ ಧ್ವನಿಮುದ್ರಣಗಳನ್ನು ಕೂಲಂಕಷವಾಗಿ ಆಲಿಸಿ, ಪ್ರಶ್ನೆಗೂ ಉಪಾಧ್ಯಾಯರ ಮುಂದಿನ ಮಾತಿಗೂ ನಡುವೆ ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡಿನ ಅವಕಾಶವಷ್ಟೇ ಇರುವುದನ್ನು ಗುರುತಿಸಿದರು. ಆ ಅವಕಾಶವನ್ನು ಮೂರು ಸೆಕೆಂಡುಗಳಿಗೆ ಹಿಗ್ಗಿಸಿದ ಮಾತ್ರಕ್ಕೇ ಮಕ್ಕಳ ಉತ್ತರಗಳು ದೀರ್ಘವಾದುದನ್ನೂ, ಉತ್ತರಿಸದೆ ಸುಮ್ಮನಾಗುವವರು ಕಡಮೆಯಾದುದನ್ನೂ, ಎಂದೂ ಬಾಯಿಬಿಡದವರು ತಾವಾಗಿಯೇ ಮಾತನಾಡತೊಡಗಿದುದನ್ನೂ ಅವರು ದಾಖಲಿಸಿದರು. ಐವತ್ತು ಅರವತ್ತು ಮಕ್ಕಳು ಕಿಕ್ಕಿರಿದ, ನಲವತ್ತು ನಿಮಿಷದ ಪೀರಿಯಡ್ಡಿನ ನಮ್ಮ ತರಗತಿಯಲ್ಲಿ ಇಡೀ ತರಗತಿಯು ಒಕ್ಕೊರಲಿನಿಂದ ಹೌದು ಸಾರ್ ಎಂದು ಕೂಗುವುದೇ ಉತ್ತರವೆನಿಸಿರುವಾಗ, ಒಂದು ಪೈಸೆಯ ಖರ್ಚಿಲ್ಲದ ಈ ಸುಧಾರಣೆಯನ್ನು ಯಾರು ಬೇಕಾದರೂ ನಾಳೆಯೇ ಆರಂಭಿಸಬಹುದು.

ಭಾಷಾಪಾಠದ ಸ್ಥಿತಿಯು ನನ್ನನ್ನು ಇದಕ್ಕಿಂತಲೂ ಹೆಚ್ಚಾಗಿ ನೋಯಿಸುತ್ತದೆ. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ ಎಂಬ ಪ್ರಶ್ನೆಯು ಬಹುಕಾಲದಿಂದ ಬಂದಿರುವಂಥದು. ಅದರ ಮೂಲೋದ್ದೇಶವು ರಸಿಕತೆಯನ್ನು ಬೆಳೆಸುವುದು, ಒಂದು ಮಾತು ತನ್ನ ಸನ್ನಿವೇಶದಲ್ಲಿ ಹೇಗೆ ಬೆಳಗುತ್ತದೆಂಬುದನ್ನು ಓದುಗನು ತಾನಾಗಿ ಅನುಭವಿಸುವಂತೆ ಮಾಡುವುದು. ಇಂದು ಆಯ್ಕೆಗೆ ಒಂದು ವಾಕ್ಯ, ಸಂದರ್ಭಕ್ಕೆ ಎರಡು ವಾಕ್ಯ, ಸ್ವಾರಸ್ಯಕ್ಕೆ ಒಂದು ವಾಕ್ಯ ಎಂದು ಉತ್ತರವು ವಿಭಜನೆಗೊಂಡು, ಆ ಸ್ವಾರಸ್ಯದ ವಾಕ್ಯವನ್ನೂ ಉಪಾಧ್ಯಾಯರೇ ನೋಟ್ಸಿನಲ್ಲಿ ಬರೆಸುತ್ತಿರುವಾಗ, ವಿದ್ಯಾರ್ಥಿಯು ಕಲಿಯುವುದು ಇನ್ನೊಬ್ಬರ ಆನಂದದ ವರದಿಯನ್ನು. ಛಂದಸ್ಸಿನದೂ ಇದೇ ಪಾಡು. ಪ್ರಸ್ತಾರ ಹಾಕಿ ಗಣವಿಭಾಗ ಮಾಡಿ ಛಂದಸ್ಸನ್ನು ಹೆಸರಿಸಿ ಎಂದರೆ ಲಘು ಗುರುಗಳ ಚಿಹ್ನೆಗಳನ್ನು ಅಕ್ಷರಗಳ ನೆತ್ತಿಯ ಮೇಲೆ ಸಾಲಾಗಿ ಇಟ್ಟು, ಮೂರು ನಾಲ್ಕು ಮಾತ್ರೆಗಳ ಗಣಗಳಾಗಿ ಒಡೆದು, ಆರು ಸಾಲುಗಳನ್ನೆಣಿಸಿ ಭಾಮಿನೀ ಷಟ್ಪದಿ ಎಂದು ಬರೆದು ಪೂರ್ಣಾಂಕಗಳನ್ನು ಪಡೆಯುವ ವಿದ್ಯಾರ್ಥಿಗಳಲ್ಲಿ, ಕುಮಾರವ್ಯಾಸನ ಒಂದು ಪದ್ಯವನ್ನು ಗಮಕಿಯೊಬ್ಬರು ಹಾಡುವುದನ್ನು ಒಮ್ಮೆಯಾದರೂ ಕೇಳಿದವರೆಷ್ಟು ಮಂದಿ? ಆ ಮೂರು ನಾಲ್ಕರ ನಡಿಗೆಯು ಕಿವಿಗೆ ಹತ್ತಿದ ಮೇಲೆ ಪ್ರಸ್ತಾರವು ಕೇಳಿದ್ದನ್ನು ಕಾಗದಕ್ಕಿಳಿಸುವ ಸಹಜವಾದ ಕ್ರಿಯೆಯಾಗುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಯಕ್ಷಗಾನದ ಪದಗಳನ್ನು ಕೇಳುತ್ತ ಬೆಳೆದ ಹುಡುಗರಿಗೆ ಭಾಮಿನಿಯ ಲಯವು ಹೊಸದೇ ಅಲ್ಲ. ಅವರು ಈಗಾಗಲೇ ಬಲ್ಲುದನ್ನು ಅವರಿಂದಲೇ ಹೇಳಿಸಿ, ಆಮೇಲೆ ಶಾಸ್ತ್ರದ ಹೆಸರನ್ನು ಕೊಡುವುದು ಉಪಾಧ್ಯಾಯನ ಕೆಲಸ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಚಿತ್ರ, ಪ್ರಕೃತಿವೀಕ್ಷಣೆಗಳ ಮೂಲಕ ಮಕ್ಕಳನ್ನು ಕಲಿಕೆಗೆ ಸೆಳೆದದ್ದನ್ನು ನೆನೆದರೆ, ಇಂತಹ ವಿಚಾರಗಳಿಗಾಗಿ ನಾವು ಸಮುದ್ರವನ್ನು ದಾಟಬೇಕಾಗಿರಲಿಲ್ಲವೆನಿಸುತ್ತದೆ.

ಗಣಿತದ ಬಗ್ಗೆ ಹೆಚ್ಚು ಬೆಳೆಸಲಾರೆ. ಸಮೀಕರಣದಲ್ಲಿ ಒಂದು ಪದವನ್ನು ಈ ಕಡೆಯಿಂದ ಆ ಕಡೆಗೆ ಒಯ್ದರೆ ಅದರ ಚಿಹ್ನೆ ಬದಲಾಗುತ್ತದೆ ಎಂಬ ಪಕ್ಷಾಂತರದ ಸೂತ್ರವನ್ನು ಎಂಟನೆಯ ತರಗತಿಯ ಮಕ್ಕಳೆಲ್ಲರೂ ಬಲ್ಲರು. ಎರಡೂ ಪಕ್ಷಗಳಿಗೆ ಒಂದೇ ಸಂಖ್ಯೆಯನ್ನು ಕೂಡಿದೆವು ಅಥವಾ ಕಳೆದೆವು, ಆದುದರಿಂದ ಸಮತೆಯು ಕೆಡಲಿಲ್ಲ ಎಂಬ ಕಾರಣವನ್ನು ಕೇಳಿದರೆ ಹತ್ತನೆಯ ತರಗತಿಯವರೂ ಮೌನವಾಗುವುದುಂಟು. ಆ ಕಾರಣವನ್ನು ಬಲ್ಲವನು ಸೂತ್ರವನ್ನು ಮರೆತರೂ ನಷ್ಟವಿಲ್ಲ.

ಉದ್ದೇಶ, ವಿಧಾನ, ಪರೀಕ್ಷೆ, ಉಪಾಧ್ಯಾಯ ಈ ನಾಲ್ಕನ್ನೂ ಒಟ್ಟಿಗೆ ಬದಲಿಸಿದ ಪ್ರಯೋಗವೊಂದು ನಮ್ಮ ದೇಶದಲ್ಲಿಯೇ ನಡೆದಿದೆ. ಅದು ಪ್ರೌಢಶಾಲೆಗಿಂತ ಒಂದು ಮೆಟ್ಟಿಲು ಕೆಳಗೆ, ಆರರಿಂದ ಎಂಟನೆಯ ತರಗತಿಗಳಲ್ಲಿ ನಡೆದುದಾದರೂ ಅದರಿಂದ ಕಲಿಯಬೇಕಾದುದು ಬಹಳವಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ರಾಜ್ಯಸರ್ಕಾರದ ಅನುಮತಿಯೊಡನೆ ವಿಜ್ಞಾನ ಬೋಧನೆಯ ಕಾರ್ಯಕ್ರಮವೊಂದನ್ನು ಆರಂಭಿಸಿದುವು; 1982ರಲ್ಲಿ ಏಕಲವ್ಯ ಎಂಬ ಸಂಸ್ಥೆಯು ಸ್ಥಾಪಿತವಾಗಿ ಅದನ್ನು ಮುಂದುವರಿಸಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮತ್ತು ದೆಹಲಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಳ್ಳಿಯ ಉಪಾಧ್ಯಾಯರೊಡನೆ ಕುಳಿತು ಪಾಠಗಳನ್ನು ರೂಪಿಸಿದರು. ಬಾಲ ವೈಜ್ಞಾನಿಕ ಎಂಬ ಆ ಪುಸ್ತಕದಲ್ಲಿ ಉತ್ತರಗಳಿರಲಿಲ್ಲ. ಮಾಡಿನೋಡಬೇಕಾದ ಪ್ರಯೋಗಗಳೂ ಪ್ರಶ್ನೆಗಳೂ ಇದ್ದುವು, ಉತ್ತರವನ್ನು ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ತಾವೇ ಬರೆದುಕೊಳ್ಳಬೇಕಾಗಿತ್ತು. ಪರೀಕ್ಷೆಗೆ ಪುಸ್ತಕವನ್ನೂ ಟಿಪ್ಪಣಿಯನ್ನೂ ತೆಗೆದುಕೊಂಡು ಹೋಗಲು ಅವಕಾಶವಿತ್ತು. ಲಿಖಿತ ಪರೀಕ್ಷೆಯ ಜತೆಗೆ ಪ್ರಾಯೋಗಿಕ ಪರೀಕ್ಷೆಯೂ ಇದ್ದಿತು. ಪುಸ್ತಕವು ಕಣ್ಣೆದುರಿಗೇ ತೆರೆದಿರುವಾಗ ಸ್ಮರಣೆಯನ್ನು ಕೇಳುವ ಪ್ರಶ್ನೆಗೆ ಅರ್ಥವೇ ಇಲ್ಲವಾದುದರಿಂದ, ಪ್ರಶ್ನೆಪತ್ರಿಕೆಯನ್ನು ರಚಿಸುವವರು ಆಲೋಚನೆಯನ್ನೇ ಕೇಳಬೇಕಾಯಿತು. ಪ್ರಶ್ನೆಪತ್ರಿಕೆಯು ಆಲೋಚನೆಯನ್ನು ಕೇಳಿದುದರಿಂದ ತರಗತಿಯೂ ಅದನ್ನು ಕಲಿಸಬೇಕಾಯಿತು. ಉಪಾಧ್ಯಾಯರು ತಿಂಗಳಿಗೊಮ್ಮೆ ಸಭೆ ಸೇರಿ, ಯಾವ ಪ್ರಯೋಗವು ಏಕೆ ಕೈಕೊಟ್ಟಿತು, ಮಕ್ಕಳು ಕೇಳಿದ ಯಾವ ಪ್ರಶ್ನೆಗೆ ಉತ್ತರ ತಿಳಿಯಲಿಲ್ಲ ಎಂಬುದನ್ನು ಪರಸ್ಪರ ಸಂಕೋಚವಿಲ್ಲದೆ ಹಂಚಿಕೊಳ್ಳುತ್ತಿದ್ದರು. ಮೂರು ದಶಕಗಳ ಕಾಲ, ನೂರಾರು ಶಾಲೆಗಳಿಗೆ ಹಬ್ಬಿ, ಸರ್ಕಾರಿ ಶಾಲೆಯ ಸಾಮಾನ್ಯ ಉಪಾಧ್ಯಾಯರ ಕೈಯಲ್ಲೇ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರವು ನಿಲ್ಲಿಸಿತು. ಅದು ನಿಂತುದು ನಮ್ಮ ಶಿಕ್ಷಣದ ಒಂದು ದೊಡ್ಡ ನಷ್ಟವೆಂದು ನಾನು ಭಾವಿಸುತ್ತೇನೆ.

ಹೋಶಂಗಾಬಾದಿನ ಮಾಸಿಕ ಸಭೆಯು ನನ್ನ ಮನಸ್ಸನ್ನು ವಿಶೇಷವಾಗಿ ಹಿಡಿದಿದೆ. ನಮ್ಮ ಪ್ರೌಢಶಾಲೆಯ ಉಪಾಧ್ಯಾಯನಷ್ಟು ಏಕಾಂಗಿಯಾದ ವೃತ್ತಿಪರನು ವಿರಳ. ಗ್ರಾಮಾಂತರದ ಶಾಲೆಯಲ್ಲಿ ಗಣಿತಕ್ಕೂ ಭೌತ, ರಸಾಯನಶಾಸ್ತ್ರಗಳಿಗೂ ಒಬ್ಬರೇ ಪಿ.ಸಿ.ಎಂ. ಮೇಷ್ಟರು, ಜೀವವಿಜ್ಞಾನಕ್ಕೆ ಒಬ್ಬರು ಸಿ.ಬಿ.ಝಡ್. ಮೇಡಂ, ಆಕೆ ಪದವಿಯಲ್ಲಿ ಭೌತಶಾಸ್ತ್ರವನ್ನು ಓದದಿದ್ದರೂ ಎಂಟನೆಯ ಅಥವಾ ಒಂಬತ್ತನೆಯ ತರಗತಿಗೆ ಬಲ, ಚಲನೆಗಳ ಪಾಠವನ್ನು ಮಾಡಬೇಕಾದ ಸನ್ನಿವೇಶಗಳುಂಟು. ಪಾಠವೊಂದರಲ್ಲಿ ತೊಡಕುಂಟಾದರೆ ಕೇಳುವುದು ಯಾರನ್ನು? ವಿಷಯ ಪರಿವೀಕ್ಷಕರು ವರ್ಷದಲ್ಲಿ ಅಪರೂಪಕ್ಕೆ ಬರುತ್ತಾರೆ. ಬಂದಾಗ ದಾಖಲೆಗಳನ್ನು ನೋಡುವುದರಲ್ಲೇ ಅವರ ಹೊತ್ತು ಕಳೆಯುತ್ತದೆ. ಆನ್‌ಲೈನ್ ಮಾಹಿತಿ ಭರ್ತಿ, ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿಗಳ ನಡುವೆ ಉಪಾಧ್ಯಾಯರಿಗೆ ಪರಸ್ಪರ ಪಾಠವನ್ನು ನೋಡುವ ಅವಕಾಶವೇ ಇಲ್ಲ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಆಯೋಗವು 1966ರಷ್ಟು ಹಿಂದೆಯೇ, ಒಂದು ಪ್ರೌಢಶಾಲೆಯನ್ನೂ ಅದರ ಸುತ್ತಣ ಶಾಲೆಗಳನ್ನೂ ಒಂದು ಸಮೂಹವಾಗಿ ಬೆಸೆದು, ಉಪಾಧ್ಯಾಯರು ಜ್ಞಾನವನ್ನೂ ಸಾಮಗ್ರಿಯನ್ನೂ ಹಂಚಿಕೊಳ್ಳುವಂತಾಗಲೆಂದು ಸಲಹೆ ಮಾಡಿತ್ತು. ಜಪಾನಿನಲ್ಲಿ ಒಂದೇ ವಿಷಯದ ಉಪಾಧ್ಯಾಯರು ಕೂಡಿ ಒಂದು ಪಾಠವನ್ನು ರೂಪಿಸಿ, ಒಬ್ಬರು ಅದನ್ನು ನಡೆಸುವಾಗ ಉಳಿದವರು ತರಗತಿಯಲ್ಲಿ ನಿಂತು ಮಕ್ಕಳ ಮುಖಗಳನ್ನೂ ಬರವಣಿಗೆಯನ್ನೂ ಗಮನಿಸಿ, ಅನಂತರ ಚರ್ಚಿಸಿ ಪಾಠವನ್ನು ತಿದ್ದುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಒಂದು ಹೋಬಳಿಯ ನಾಲ್ಕಾರು ಪ್ರೌಢಶಾಲೆಗಳ ವಿಜ್ಞಾನ ಉಪಾಧ್ಯಾಯರಿಗೆ ತಿಂಗಳಲ್ಲಿ ಒಂದು ಅಪರಾಹ್ನವನ್ನು ಇಂತಹ ಕಾರ್ಯಕ್ಕೆ ಬಿಟ್ಟುಕೊಡುವುದು ಸರ್ಕಾರಕ್ಕೆ ಅಸಾಧ್ಯವಾದುದೇನಲ್ಲ. ಅಂದು ಯಾವ ನಮೂನೆಯನ್ನೂ ತುಂಬಬೇಕಾಗಿಲ್ಲವೆಂಬ ಆದೇಶವೊಂದು ಅದರ ಜತೆಗಿರಬೇಕು.

ಇಷ್ಟೆಲ್ಲ ಮಾಡಿದರೆ ಪಠ್ಯ ಮುಗಿಯುವುದು ಯಾವಾಗ ಎಂದು ಉಪಾಧ್ಯಾಯರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಎಂಟನೆಯ ತರಗತಿಗೆ ಬಂದ ಮಕ್ಕಳಲ್ಲಿ ಕೆಲವರಿಗೆ ಒಂದು ಪುಟವನ್ನು ಸರಾಗವಾಗಿ ಓದುವುದೂ ಭಾಗಾಕಾರವನ್ನು ಮಾಡುವುದೂ ಕಷ್ಟವಾಗಿರುವಾಗ ಅನ್ವಯ, ವಿಶ್ಲೇಷಣೆಗಳ ಮಾತು ದೂರವೇ ಎಂಬುದು ಅವರ ಇನ್ನೊಂದು ಆಕ್ಷೇಪ. ಜೂನ್ ತಿಂಗಳಲ್ಲಿ ಸೇತುಬಂಧವೆಂಬ ಕಾರ್ಯಕ್ರಮವು ಪೂರ್ವಪರೀಕ್ಷೆ, ಪರಿಹಾರಬೋಧನೆ, ಸಾಫಲ್ಯಪರೀಕ್ಷೆ ಎಂದು ನಡೆಯುತ್ತದೆ, ನಿಜ. ಆದರೆ ಏಳು ವರ್ಷಗಳಲ್ಲಿ ಬೆಳೆದ ಕಂದಕಕ್ಕೆ ಕೆಲವು ದಿನಗಳಲ್ಲಿ ಸೇತುವೆಯನ್ನು ಕಟ್ಟಲಾಗದು. ಹಿಂದುಳಿದ ಮಕ್ಕಳಿಗೆ ವರ್ಷವಿಡೀ, ವೇಳಾಪಟ್ಟಿಯ ಒಳಗೇ, ದಿನಕ್ಕೊಂದು ಪೀರಿಯಡ್ಡನ್ನು ಓದು ಮತ್ತು ಲೆಕ್ಕಕ್ಕಾಗಿ ಮೀಸಲಿಡದೆ ಬೇರೆ ಮಾರ್ಗವು ನನಗೆ ಕಾಣದು. ಅದಕ್ಕಾಗಿ ಪಠ್ಯದ ಹೊರೆಯನ್ನು ಇಳಿಸಬೇಕಾದರೆ ಇಳಿಸತಕ್ಕದ್ದು. ಹೊರೆಯಿಲ್ಲದ ಕಲಿಕೆಯನ್ನು ಕುರಿತು ಪ್ರೊ. ಯಶಪಾಲ್ ಅವರ ಸಮಿತಿಯು 1993ರಲ್ಲಿಯೇ ವರದಿ ಕೊಟ್ಟಿದೆ. ಅರ್ಧ ಅರ್ಥವಾದ ಹದಿಮೂರು ಅಧ್ಯಾಯಗಳಿಗಿಂತ ಪೂರ್ಣವಾಗಿ ಅರ್ಥವಾದ ಎಂಟು ಅಧ್ಯಾಯಗಳು ಪದವಿಪೂರ್ವ ತರಗತಿಗೆ ಹೋಗುವವನಿಗೂ ಲೇಸು, ಶಾಲೆಯನ್ನು ಅಲ್ಲಿಗೇ ಮುಗಿಸುವವನಿಗೂ ಲೇಸು.

ಆರಂಭವನ್ನು ಎಲ್ಲಿಂದ ಮಾಡಬೇಕೆಂದು ಯಾರಾದರೂ ಕೇಳಿದರೆ, ಪ್ರಶ್ನೆಪತ್ರಿಕೆಯಿಂದಲೇ ಎನ್ನುತ್ತೇನೆ. ಎಸ್.ಎಸ್.ಎಲ್.ಸಿ.ಯ 80 ಅಂಕಗಳ ಪತ್ರಿಕೆಯಲ್ಲಿ, ಮೊದಲ ವರ್ಷ ಕೇವಲ 10 ಅಂಕಗಳನ್ನು ಪಠ್ಯದ ಪರಿಕಲ್ಪನೆಗಳ ಮೇಲೆ ನಿಂತಿದ್ದರೂ ಪಠ್ಯದಲ್ಲಿಯಾಗಲಿ ಗೈಡಿನಲ್ಲಿಯಾಗಲಿ ಹಿಂದಿನ ಪತ್ರಿಕೆಗಳಲ್ಲಿಯಾಗಲಿ ಇಲ್ಲದ ಸನ್ನಿವೇಶಗಳಿಗೆ ಮೀಸಲಿಟ್ಟು, ಉಳಿದುದನ್ನು ಈಗಿರುವಂತೆಯೇ ಬಿಟ್ಟರೆ ಉತ್ತೀರ್ಣತೆಯ ಅಂಚಿನಲ್ಲಿರುವ ಯಾವ ಮಗುವಿಗೂ ಅನ್ಯಾಯವಾಗದು. ಆ ಪ್ರಶ್ನೆಗಳನ್ನು ರಚಿಸುವವರು ಪಾಠಮಾಡುತ್ತಿರುವ ಉಪಾಧ್ಯಾಯರೇ ಆಗಿರಲಿ. ರಚಿಸಿದ ಬಗೆಯ ಪ್ರಶ್ನೆಗಳನ್ನು ಒಂಬತ್ತನೆಯ ತರಗತಿಗಳಲ್ಲಿ ಮೊದಲು ಪ್ರಯೋಗಿಸಿ, ಮಕ್ಕಳು ಬರೆದ ಉತ್ತರಗಳನ್ನು ಓದಿ, ಅಸ್ಪಷ್ಟವಾದ ಭಾಷೆಯನ್ನು ತಿದ್ದಿಕೊಳ್ಳಲಿ. ಮೌಲ್ಯಮಾಪನ ಕೇಂದ್ರದಲ್ಲಿ ಕೀ ಉತ್ತರದ ಪದಗಳನ್ನು ಹುಡುಕುವುದಕ್ಕೆ ಬದಲಾಗಿ ಕಾರಣ ಸರಿಯಾಗಿದೆಯೆ ಎಂದು ನೋಡಲು ಮೌಲ್ಯಮಾಪಕರಿಗೆ ಸಮಯವನ್ನೂ ಸ್ವಾತಂತ್ರ್ಯವನ್ನೂ ಕೊಡಲಿ. ಎರಡನೆಯ ವರ್ಷದಿಂದ ಆ ಭಾಗಕ್ಕೆ ಪಠ್ಯಪುಸ್ತಕವನ್ನು ತೆರೆದಿಟ್ಟುಕೊಳ್ಳುವ ಅನುಮತಿಯನ್ನೂ ನೀಡಬಹುದು. ದೂರದ ಕೊಳವೆಬಾವಿಯ ಮೋಟಾರು ವೋಲ್ಟೇಜು ಕುಸಿದಾಗ ಏಕೆ ಸುಡುತ್ತದೆ, ಓಮ್‌ನ ನಿಯಮವನ್ನು ಅಲ್ಲಿ ನೇರವಾಗಿ ಅನ್ವಯಿಸಬಹುದೆ, ಕಾರಣವನ್ನು ಬರೆಯಿರಿ ಎಂಬುದು ಅಂತಹ ಒಂದು ಪ್ರಶ್ನೆಯಾಗಬಲ್ಲುದು. ಅದಕ್ಕೆ 4 ಅಂಕಗಳು ಸಾಕು.